"ಪಾಪ, ಅಲ್ಲಿ ಏನು ತಿಂತೀಯೋ" ಅನ್ನುವವರಿಗೆ

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. "ಜಪಾನಲ್ಲಿ ತಿನ್ನೋಕೆ ಏನಾದ್ರೂ ಸಿಗತ್ತಾ?" ಕೇಳಲಿ, ಬೇಜಾರಿಲ್ಲ. ಅದರ ಹಿಂದೆ ಮುಂದೆ ಒಂದು "ಪಾಪ" ಸೇರಿಸುತ್ತಾರೆ ನೋಡಿ, ಅದು ನನಗೆ ಆಗುವುದಿಲ್ಲ.

ಕಳೆದ ಸಲ ಸಾಗರದಲ್ಲಿ ಒಂದು ಮದುವೆ ಊಟ. ಸೋದರತ್ತೆ ನನ್ನ ಎಲೆಗೆ ಎರಡನೇ ಹೋಳಿಗೆ ಹಾಕಿಸಿದರು. "ಹಾಕಿಸ್ಕೋ. ಪಾಪ, ಅಲ್ಲಿ ಏನು ತಿಂತೀಯೋ ಏನೋ. ಬರೀ ಹಸಿ ಮೀನಂತೆ." ಪಕ್ಕದ ಎಲೆಯವರು, ಎದುರು ಪಂಕ್ತಿಯವರು, ಎಲ್ಲರೂ ನನ್ನ ಕಡೆ ತಿರುಗಿದರು. ತುಪ್ಪ ಬಡಿಸುತ್ತಿದ್ದ ಹುಡುಗ ಒಂದು ಚಮಚ ಜಾಸ್ತಿ ಹಾಕಿ ಹೋದ. ಬಾಯಲ್ಲಿ ಹೋಳಿಗೆ ಇತ್ತು, ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತೇನೆ.

ಸಿಗುತ್ತದೆ. ಅಕ್ಕಿ, ಹಾಲು, ಮೊಸರು, ಮುಳ್ಳಂಗಿ, ಬದನೆ, ಕುಂಬಳ ಎಲ್ಲ ಮನೆ ಹತ್ತಿರದ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ತೊಗರಿಬೇಳೆ, ಇಂಗು ಬೇಕಿದ್ದರೆ ತೋಕಿಯೋದ ನಿಶಿ ಕಸಾಯಿ ಕಡೆ ನಮ್ಮವರ ಅಂಗಡಿಗಳಿವೆ. ನಾನು ಮಾಂಸ, ಮೀನು ತಿನ್ನುವುದಿಲ್ಲ. ಆದರೂ ಒಂಬತ್ತು ವರ್ಷದಲ್ಲಿ ಒಂದು ದಿನವೂ ಹಸಿದು ಮಲಗಿಲ್ಲ.

ಮೀನಿನ ಮಾತು ಪೂರ್ತಿ ಸುಳ್ಳೇನಲ್ಲ. ಬೇಯಿಸಿ, ಹೊಗೆ ಹಾಕಿ, ಕಟ್ಟಿಗೆಯ ಹಾಗೆ ಒಣಗಿಸಿದ ಕಾತ್ಸುವೊಬುಶಿ ಅನ್ನುವ ಮೀನನ್ನು ಹೆರೆದು ತೆಗೆದ ಸಾರು ಇಲ್ಲಿನ ಎಷ್ಟೋ ಅಡುಗೆಯಲ್ಲಿ ಇರುತ್ತದೆ. ಆಲೂಗಡ್ಡೆ ಚಿಪ್ಸಿನಲ್ಲೂ ಕೋಳಿಯ ಪುಡಿ ಇರಬಹುದು. ಅದಕ್ಕೇ ಪೊಟ್ಟಣದ ಬೆನ್ನು ಓದುವುದನ್ನು ಕಲಿತೆ. ಅಲ್ಲಿ ಬರೆದ ಸಾಮಗ್ರಿಗಳಲ್ಲಿ ಯಾವುದರ ತೂಕ ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಒಂದೊಂದೇ ಅಕ್ಷರ ಗುರುತು ಹಿಡಿಯುತ್ತಾ ಹೋದರೆ ಒಂದು ಸಾಲು ದಾಟಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲೇ ನನಗೆ ಈ ಸೂಪರ್‌ಮಾರ್ಕೆಟ್ ಅಂಗಡಿಗಳ ರುಚಿ ಹತ್ತಿದ್ದು.

ಅಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಯಾರೂ ಕೇಳದ ಪ್ರಶ್ನೆ ಒಂದಿದೆ. "ಆ ಅಂಗಡೀಲಿ ಏನೇನು ಇರತ್ತೆ, ಹೇಳು." ಹೀಗೆ ಕೇಳಿದರೆ ನಾನು ಚಕ್ಕಳಮಕ್ಕಳ ಹಾಕಿ ಕೂತು ಹೇಳುತ್ತೇನೆ.

ಶುಕ್ರವಾರ ಸಂಜೆ ಕೆಲಸ ಮುಗಿಸಿ ಸುಮ್ನೆ ಹೋಗುತ್ತೇನೆ. ಕೈಯಲ್ಲಿ ಚೀಟಿ ಇರುವುದಿಲ್ಲ. ಅಂಗಡಿ ಸುತ್ತುವುದೂ ಒಂದು ಹವ್ಯಾಸವಾ ಅಂತ ನಗುವವರಿದ್ದಾರೆ. ಸಂತೆಗೆ ಹೋದವರು ಬೇಕಾದ್ದನ್ನು ಮಾತ್ರ ನೋಡಿ ಬರುತ್ತಾರಾ?

ಒಂದು ಏಪ್ರಿಲ್‌ನಲ್ಲಿ ಅಮ್ಮ ಬಂದಿದ್ದಳು. ಅವಳ ಮುಖದಲ್ಲೂ ಅದೇ "ಪಾಪ" ಇತ್ತು. ಬ್ಯಾಗಿನ ತುಂಬ ಹಪ್ಪಳ, ಅಪ್ಪೆಮಿಡಿ. ಮಾರನೇ ದಿನ ಅಂಗಡಿಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ತರಕಾರಿ. ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. "ಇದು ಕಳಲೆ ಅಲ್ವೇನೇ?"

ಕಳಲೆಯೇ. ಮೊಳಕೈ ಉದ್ದ, ಕಂದು ಸಿಪ್ಪೆಯ ಮೇಲೆ ಸಣ್ಣ ರೋಮ, ಬುಡದಲ್ಲಿ ಇನ್ನೂ ಹಸಿ ಮಣ್ಣು. ನಮ್ಮಲ್ಲಿ ಮಳೆ ಹಿಡಿದ ಮೇಲೆ ಬರುವುದು ಇಲ್ಲಿ ವಸಂತಕ್ಕೇ ಏಳುತ್ತದೆ. ಜೊತೆಗೆ ಒಂದು ಪುಟ್ಟ ಪೊಟ್ಟಣ. ಅಮ್ಮ ಅದನ್ನು ಮೂಗಿನ ಹತ್ತಿರ ಹಿಡಿದಳು. "ತೌಡು! ತೌಡು ಯಾಕೆ ಕೊಡ್ತಾರೆ?" ಕಹಿ ಹೋಗಲಿ ಅಂತ ತೌಡು ಹಾಕಿ ಬೇಯಿಸುತ್ತಾರೆ ಅಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ನಾವು ಮೂರು ದಿನ ನೀರು ಬದಲಾಯಿಸ್ತಾ ಇಡ್ತೀವಿ. ಇವರು ಒಂದೇ ದಿನಕ್ಕೆ ಮುಗಿಸ್ತಾರೆ ಹಾಗಾದ್ರೆ." ಅಲ್ಲಿಂದ ಮುಂದೆ ನಾನು ಅವಳ ಹಿಂದೆ ಹೋದೆ.

ಕೆಸುವಿನ ಗೆಡ್ಡೆ ಕಂಡಿತು. ತಾವರೆ ಬೇರು ಕಂಡಿತು. ಆಮೇಲೆ ನೀರು ತುಂಬಿದ ಚೀಲದಲ್ಲಿ ಒಂದು ಬೂದು ಇಟ್ಟಿಗೆ. "ಇದೇನು, ರಬ್ಬರ್ರಾ?" ಕೊನ್ಯಾಕು. ಸುವರ್ಣಗೆಡ್ಡೆಯ ದಾಯಾದಿ ಅದು. ಒಂದೇ ಕುಲ. ಗೆಡ್ಡೆಯ ಹಿಟ್ಟಿಗೆ ಸುಣ್ಣದ ನೀರು ಸೇರಿಸಿ ಬೇಯಿಸಿದರೆ ಹೀಗೆ ಗಟ್ಟಿಯಾಗುತ್ತದೆ. ನೂರಕ್ಕೆ 97 ಭಾಗ ನೀರೇ. ಮೈಮೇಲಿನ ಕಪ್ಪು ಚುಕ್ಕೆ ಸಮುದ್ರದ ಪಾಚಿಯ ಪುಡಿ. "ತುರಿಸಲ್ವಾ?" ಅಂತ ಅಮ್ಮ ಕೇಳಿದಳು. ಸುವರ್ಣಗೆಡ್ಡೆ ಹೆಚ್ಚಿ ಕೈ ತುರಿಸಿಕೊಂಡವರಿಗೇ ಹೊಳೆಯುವ ಪ್ರಶ್ನೆ ಅದು. ಹಸಿಗೆಡ್ಡೆ ತುರಿಸುತ್ತದೆ, ಇದು ತುರಿಸುವುದಿಲ್ಲ. "ನಾವು ಹುಣಸೆಹುಳಿ ಹಾಕ್ತೀವಿ, ಇವರು ಸುಣ್ಣ," ಅಂತ ಅವಳೇ ಲೆಕ್ಕ ಹೊಂದಿಸಿಕೊಂಡಳು.

ಸಿಹಿಯ ಕಡೆ ಬಂದಾಗ ಓಹಗಿ ತೆಗೆದುಕೊಂಡೆ. ಅಜುಕಿ ಅಂತ ಒಂದು ಕೆಂಪು ಕಾಳು, ನಮ್ಮ ಹೆಸರು, ಉದ್ದು, ಅಲಸಂದೆಯ ಬಳಗದ್ದೇ. ಅದನ್ನು ಬೇಯಿಸಿ ಸಕ್ಕರೆ ಹಾಕಿ ಅರೆದರೆ ಆಂಕೊ. ಅಂಟು ಅಕ್ಕಿಯ ಉಂಡೆಗೆ ಅದನ್ನು ಮೆತ್ತಿದರೆ ಓಹಗಿ. ಮನೆಗೆ ಬಂದು ಅಮ್ಮ ಒಂದು ತುತ್ತು ತಿಂದಳು. "ಹೂರಣ ಹೊರಗೆ ಬಂದಿದೆ," ಅಂದಳು. ಇನ್ನೊಂದರ ಮೇಲೆ ಕಿನಾಕೊ ಉದುರಿಸಿತ್ತು. ಹುರಿದ ಸೋಯಾ ಕಾಳಿನ ಹಿಟ್ಟು, ಥೇಟ್ ನಮ್ಮ ಹುರಿಹಿಟ್ಟಿನ ವಾಸನೆ. ಅದರ ಎರಡು ಪೊಟ್ಟಣ ಸಾಗರಕ್ಕೆ ಹೋಯಿತು.

ಊರಿನದರ ಹಾಗೆ ಕಾಣುವುದು ಮಾತ್ರ ನನಗೆ ಇಷ್ಟ ಅಂತಲ್ಲ. ತಿಂಡಿಯ ಸಾಲಿನಲ್ಲಿ ಉಮಾಯ್‌ಬೊ ಅನ್ನುವ ಜೋಳದ ಕೋಲುಗಳಿವೆ. 1979ರಿಂದ 2022ರವರೆಗೂ ಒಂದಕ್ಕೆ 10 ಯೆನ್ ಇತ್ತು. ಈಗ ಏರಿದೆ, ಆದರೂ ಮಕ್ಕಳು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈಯ ಚಿಲ್ಲರೆ ಎಣಿಸುತ್ತಾರೆ. ನಾನು ತಿನ್ನುವಂಥದ್ದು ಅದರಲ್ಲಿ ಕಡಿಮೆ. ಆ ಎಣಿಕೆ ನೋಡಲು ನಿಲ್ಲುತ್ತೇನೆ. ಪರೀಕ್ಷೆ ಹತ್ತಿರ ಬಂದರೆ ಕಿಟ್‌ಕ್ಯಾಟ್ ಕಣ್ಣಿಗೆ ಬೀಳುವ ಜಾಗಕ್ಕೆ ಬರುತ್ತದೆ. ಆ ಹೆಸರು ಇವರ ಕಿವಿಗೆ "ಕಿತ್ತೊ ಕಾತ್ಸು", ಅಂದರೆ "ಖಂಡಿತ ಗೆಲ್ಲುತ್ತೀಯ" ಅನ್ನುವ ಹಾಗೆ ಕೇಳುತ್ತದೆ. ಓದುವ ಮಕ್ಕಳಿಗೆ ಕೊಡುತ್ತಾರೆ. ಹೋದ ವರ್ಷ ಪಕ್ಕದ ಮನೆ ಹುಡುಗಿಗೆ ನಾನೂ ಕೊಟ್ಟೆ.

ರಾತ್ರಿ ಎಂಟರ ಹೊತ್ತಿಗೆ ಅಂಗಡಿಯವರು ಚೀಟಿ ಅಂಟಿಸುವ ಯಂತ್ರ ಹಿಡಿದು ಬರುತ್ತಾರೆ. ಉಳಿದ ತಿನಿಸಿಗೆಲ್ಲ ಅರ್ಧ ಬೆಲೆ. ಓಹಗಿಯನ್ನು ನಾನು ಆಗ ಕೊಳ್ಳುತ್ತೇನೆ.

ಅತ್ತೆ, ಮುಂದಿನ ಸಲ ಪಂಕ್ತಿಯಲ್ಲಿ ಕೂತಾಗ ಕೊನ್ಯಾಕು ಹುಳಿ ಹೇಗಿರತ್ತೆ ಅಂತ ಕೇಳಿ. ಅಮ್ಮ ಮಾಡಿ ನೋಡಿದ್ದಾಳೆ. ಚಾಕುವಿನಲ್ಲಿ ಹೆಚ್ಚಿದರೆ ಹುಳಿ ಒಂದು ಕಡೆ, ಹೋಳು ಒಂದು ಕಡೆ. ಕೈಯಲ್ಲಿ ಹರಿದು ಹಾಕಬೇಕು. ಹರಿದ ಒರಟು ಜಾಗದಲ್ಲಿ ಖಾರ ಕೂರುತ್ತದೆ.