ಅರೆಮಂಡಿ ಏನು ಚಪ್ಪಲಿಯಾ?

"ನಿನ್ನ ಅರೆಮಂಡಿಯನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಬಾ."

ಕಂಟೆಂಪರರಿ ಡಾನ್ಸ್ ಬೇಸಿಗೆ ಶಿಬಿರದಲ್ಲಿ ಮೇಷ್ಟ್ರು ಭರತನಾಟ್ಯ ಕಲಿತ ನನ್ನ ಅಕ್ಕನ ಮಗಳಿಗೆ ಹೀಗೆ ಹೇಳಿದರು. ಅರೆಮಂಡಿ ಅಂದರೆ ಮಂಡಿ ಹೊರಕ್ಕೆ ತೆರೆದು ಅರ್ಧ ಕೂತಂತೆ ನಿಲ್ಲುವ ಭರತನಾಟ್ಯದ ಭಂಗಿ. ಮನೆಯವರು ಕೂತು ನೋಡುವ ದಿನ, ಎಲ್ಲರ ಎದುರಿಗೇ. ಕೆಲವರು ನಕ್ಕರು. ಅವಳೂ ನಕ್ಕಳು, ಆದರೆ ಕಿವಿ ಕೆಂಪಾಗಿತ್ತು. ಈ ವಾರವಿಡೀ ನನ್ನ ತಲೆಯಲ್ಲಿ ಅದೇ ಮಾತು.

ಮೇಷ್ಟ್ರು ಪಾಠದಲ್ಲಿ ಗಟ್ಟಿಗರು. ಕುಣಿಯುತ್ತಾ ಪೆಟ್ಟಾಗದಂತೆ ನೆಲಕ್ಕೆ ಬೀಳೋದನ್ನು ಅವರು ಕಲಿಸುವ ರೀತಿ ನೋಡಬೇಕು. ಮಂಡಿಚಿಪ್ಪು ನೆಲಕ್ಕೆ ಬಡಿಯಬಾರದು. ಉಸಿರು ಬಿಡುತ್ತಾ ಕಾಲು ಮಡಚಿ, ಮೀನಖಂಡದ ಪಕ್ಕ, ತೊಡೆ, ಸೊಂಟ, ಬೆನ್ನು ಅಂತ ಒಂದೊಂದಾಗಿ ಭಾರ ಇಳಿಸಬೇಕು. ಕೈ ಸೆಟೆದುಕೊಂಡರೆ ಮಣಿಕಟ್ಟು ಹೋದಂತೆಯೇ. ಬೆನ್ನು ನೆಟ್ಟಗಿಡು ಅಂತ ವರ್ಷಗಟ್ಟಲೆ ಬೈಸಿಕೊಂಡ ಭರತನಾಟ್ಯದ ಹುಡುಗಿಗೆ ಬೆನ್ನು ಸಡಿಲ ಬಿಡೋದು ಕಷ್ಟ. ಅದನ್ನು ತಿದ್ದಬೇಕು, ಸರಿ. ಆದರೆ ನೆಲ ಮುಟ್ಟಿ ನಮಸ್ಕರಿಸಿಯೇ ಹೆಜ್ಜೆ ಹಾಕುವ ಮಗುವಿಗೆ, ಕಲಿತದ್ದನ್ನು ಚಪ್ಪಲಿ ಜೊತೆ ಬಿಡು ಅನ್ನೋದಾ?

ಆಮೇಲೆ ಒಬ್ಬೊಬ್ಬರೇ ಬೀಳುವ ಸರದಿ. ಧಡ್, ಧಡ್ ಅಂತ ಸದ್ದು. ಇವಳು ಮಂಡಿ ಹೊರಕ್ಕೆ ತೆರೆದೇ ಇಳಿದಳು. ಅರೆಮಂಡಿಯಿಂದ ಪೂರ್ತಿ ಕೆಳಗೆ, ಅಲ್ಲಿಂದ ಸೊಂಟದ ಮೇಲೆ ಹೊರಳಿ ಬೆನ್ನಿಗೆ. ಚೂರೂ ಸದ್ದಿಲ್ಲ. ಅವಳನ್ನು ಹಾಗೆ ಇಳಿಸಿದ್ದು ಅದೇ ಅರೆಮಂಡಿ. ಮೇಷ್ಟ್ರು ಅಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ಕಂಟೆಂಪರರಿಯ ಬೇರು ಇರುವ ಅಮೆರಿಕದ ಮಾಡರ್ನ್ ಡಾನ್ಸ್‌ಗೆ ಬೇಸಿಗೆ ಶಿಬಿರಗಳು ದೊಡ್ಡ ಆಸರೆ. 1934ರಲ್ಲಿ ಬೆನಿಂಗ್ಟನ್ ಕಾಲೇಜಿನಲ್ಲಿ ಅಂಥದ್ದೊಂದು ಶಾಲೆ ಶುರುವಾಯಿತು. ಮಾರ್ಥಾ ಗ್ರಹಾಂ, ಡೋರಿಸ್ ಹಂಫ್ರಿ, ಹಾನ್ಯಾ ಹೋಮ್, ಚಾರ್ಲ್ಸ್ ವೈಡ್‌ಮನ್ ಅಲ್ಲಿ ಕಲಿಸಿದರು. ಬೀಳೋದು, ಬಿದ್ದು ಏಳೋದು ಹಂಫ್ರಿಯವರ ಪಾಠದ ಬುಡ. ಗ್ರಹಾಂ ಅವರ ದಾರಿ ಬೇರೆಯೇ. ಎಲ್ಲರ ಮೈಯೂ ಒಂದೇ ಥರ ಇರಲಿ ಅಂತ ಹುಟ್ಟಿದ ಕಲೆ ಅಲ್ಲ ಇದು. ನಮ್ಮಲ್ಲೂ ಅಷ್ಟೇ. ನೃತ್ಯ ಸಂಯೋಜಕಿ ಚಂದ್ರಲೇಖಾ 1985ರಲ್ಲಿ 'ಆಂಗಿಕ' ಎಂಬ ನೃತ್ಯ ಕಟ್ಟಿದಾಗ ಭರತನಾಟ್ಯ, ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಮೂರನ್ನೂ ಒಟ್ಟಿಗೆ ತಂದರು. ಬೆಂಗಳೂರಿನ ಕಂಟೆಂಪರರಿ ಡಾನ್ಸ್ ಸಂಸ್ಥೆ ಅಟ್ಟಕ್ಕಳರಿಯ ತರಬೇತಿಯಲ್ಲೂ ಭರತನಾಟ್ಯ, ಕಳರಿಪಯಟ್ಟು ಸೇರಿವೆ.

ಶಿಬಿರದಲ್ಲಿ ಯಕ್ಷಗಾನ ಕಲಿತ ಹುಡುಗನೂ ಇದ್ದಾನೆ. ಅವನು ಏನನ್ನು ಹೊರಗೆ ಬಿಟ್ಟು ಬರಬೇಕು? ಬಡಗುತಿಟ್ಟಿನವರು ಮಂಡಿ ಹಾಕಿ ನೆಲದ ಮೇಲೆ ಗಿರಗಿರ ತಿರುಗೋದು ಫ್ಲೋರ್ ವರ್ಕ್, ಅಂದರೆ ನೆಲದ ಮೇಲಿನ ಕುಣಿತ, ಅಲ್ವಾ? ಸಿನಿಮಾ ಹಾಡಿಗೆ ಕುಣಿದು ಬಂದವರಿದ್ದಾರೆ, ಅವರ ತಾಳಜ್ಞಾನ ಚುರುಕು. ಕೆಲವೇ ವಾರಗಳ ಶಿಬಿರ ಹೊಸ ಮೈ ಕೊಡಲಾರದು. ಇರುವ ಮೈಯಲ್ಲೇ ಹೊಸ ದಾರಿ ತೋರಿಸಬಹುದು. ಅಷ್ಟು ಮಾಡಿದರೂ ಅದು ದೊಡ್ಡ ಕೆಲಸವೇ. ಈ ವಯಸ್ಸಿನವರು ಮೇಷ್ಟ್ರ ಮಾತನ್ನು ಪೂರ್ತಿ ನಂಬುತ್ತಾರೆ. ಸುಮ್ನೆ ಅಂದ ಒಂದು ಮಾತಿಗೆ ಹತ್ತು ವರ್ಷದ ಅಭ್ಯಾಸದ ಬಗ್ಗೆ ನಾಚಿಕೊಳ್ಳುತ್ತಾರೆ. ನನ್ನ ಸಿಟ್ಟು ಅದಕ್ಕೇ ಜಾಸ್ತಿ.

ಮನೆಗೆ ಬರುವಾಗ ಅವಳು, "ಬಿಡು ಚಿಕ್ಕಮ್ಮ, ಅವರು ಎಲ್ಲರಿಗೂ ಹಾಗೇ ಹೇಳ್ತಾರೆ" ಅಂದಳು. ಎಲ್ಲರಿಗೂ ಹೇಳಿದರೆ ಸರಿಯಾಗಿಬಿಡುತ್ತಾ? ಶಿಬಿರದ ಕೊನೆಯಲ್ಲಿ ಅಭಿಪ್ರಾಯ ಕೇಳುವ ಫಾರಂ ಕೊಡುತ್ತಾರಂತೆ. ಇದನ್ನು ಬರೆ ಅಂತ ಹೇಳಿದ್ದೇನೆ. ಅವಳು ಬರೆಯದಿದ್ದರೆ ನಾನೇ ಬರೆದು ಕೊಡುತ್ತೇನೆ.