ಕಾಲುಭಾಗ ಆಕ್ಸಲೇಟರಲ್ಲಿ ಜರ್ಕ್ ಹೊಡೀತಿದ್ದ ಅಪ್ಪನ ಆರ್‌ಎಕ್ಸ್

ಅಪ್ಪನ 1993ರ ಯಮಹಾ ಬೈಕ್ ಆರ್‌ಎಕ್ಸ್ 100 ಈ ಮಳೆಗಾಲ ಎರಡು ತಿಂಗಳು ಕವರ್ ಹಾಕ್ಕೊಂಡು ಮನೆ ಮುಂದೆ ನಿಂತಿತ್ತು, ಆಮೇಲೆ ತೆಗೆದ್ರೆ ಸ್ಟಾರ್ಟ್ ಏನೋ ಎರಡೇ ಕಿಕ್ಕಿಗೆ ಆಯ್ತು ಆದ್ರೆ ನಿಧಾನಕ್ಕೆ ಓಡ್ಸಕ್ಕೇ ಆಗ್ತಿಲ್ಲ. ಸೆಕೆಂಡ್ ಗೇರಲ್ಲಿ ಬಸ್ ಹಿಂದೆ ಹೋಗ್ತಿದ್ರೆ ಒಂದ್ಸಲ ಎಳಿಯುತ್ತೆ ಒಂದ್ಸಲ ಬಿಡುತ್ತೆ, ಚೈನ್ ಟಕ್ ಟಕ್ ಅಂತ ಬಡ್ಕೊಳ್ಳುತ್ತೆ. ಅದೇ ಗಾಡಿ ಕನಕಪುರ ರೋಡಲ್ಲಿ ಪೂರ್ತಿ ಕೊಟ್ರೆ ಮೊದಲಿನ ಥರಾನೇ ಎಗರುತ್ತೆ.

ಒಬ್ಬ ಮೆಕ್ಯಾನಿಕ್ ನೋಡಿ ‘ಬೋರ್ ಹೋಗಿದೆ ಸಾರ್, ಪಿಸ್ಟನ್ ಹಾಕ್ಸ್ಬಿಡಿ’ ಅಂದ್ರು. ನಂಗೆ ಒಪ್ಪಿಗೆ ಆಗ್ಲಿಲ್ಲ, ಬೋರ್ ಅಂದ್ರೆ ಪಿಸ್ಟನ್ ಓಡಾಡೋ ಸಿಲಿಂಡರಿನ ಒಳಮೈ, ಅದು ಸವೆದಿದ್ರೆ ಫುಲ್ ಆಕ್ಸಲೇಟರಲ್ಲೂ ದಮ್ಮಿರಬಾರ್ದಲ್ವಾ?

ಹ್ಯಾಂಡಲ್ ಗ್ರಿಪ್ಪಿಗೆ ಒಂದು ಬಿಳಿ ಟೇಪ್ ಸುತ್ತಿ, ಕಾಲು, ಅರ್ಧ, ಮುಕ್ಕಾಲು ಅಂತ ಪೆನ್ನಲ್ಲಿ ಗೀಟು ಹಾಕಿ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಸುತ್ತ ಓಡ್ಸಿ ನೋಡ್ದೆ. ಜರ್ಕ್ ಬರ್ತಿದ್ದಿದ್ದು ಕಾಲು ಗೀಟಿನ ಒಳಗೆ ಮಾತ್ರ. ಅಷ್ಟರೊಳಗೆ ಇಂಜಿನ್ನಿಗೆ ಪೆಟ್ರೋಲ್ ಹೋಗೋದು ಹೆಚ್ಚಾಗಿ ಪೈಲಟ್ ಜೆಟ್ಟಿಂದ (ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬೊರೇಟರ್ ಒಳಗಿನ ಸಣ್ಣ ತೂತಿನ ಬಿಡಿಭಾಗ), ಅಲ್ಲಿಂದ ಮೇಲೆ ನೋಡ್ಕೊಳ್ಳೋದು ಆಕ್ಸಲೇಟರ್ ಜೊತೆ ಮೇಲೇಳೋ ಸ್ಲೈಡು ಮತ್ತು ಅದರ ನೀಡಲ್ಲು, ಪೂರ್ತಿ ಕೊಟ್ಟಾಗ ದೊಡ್ಡ ತೂತಿನ ಮೇನ್ ಜೆಟ್. ನಮ್ಮೂರ ಟ್ರಾಫಿಕ್ಕಲ್ಲಿ ಸೌತ್ ಎಂಡಿಂದ ಸಿಲ್ಕ್ ಬೋರ್ಡ್ ತನಕ ಗಾಡಿ ಬದುಕೋದೇ ಆ ಪೈಲಟ್ ಜೆಟ್ ಮೇಲೆ, ಅದಕ್ಕೇ ಈ ತೊಂದ್ರೆ ಇಷ್ಟು ಕಾಡುತ್ತೆ.

ಇನ್ನೊಂದು ಗಮನಿಸ್ದೆ, ಪೆಟ್ರೋಲ್ ಪಾಲು ಜಾಸ್ತಿ ಮಾಡೋ ಚೋಕ್ ಸ್ವಲ್ಪ ಎತ್ತಿದ್ರೆ ಜರ್ಕ್ ಕಮ್ಮಿ ಆಗ್ತಿತ್ತು. ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ ಇಲ್ಲಾ ಗಾಳಿ ಜಾಸ್ತಿ. ಪ್ಲಗ್ ಬಿಚ್ಚಿದ್ರೆ ತುದಿ ಸುಣ್ಣದ ಥರ ಬೆಳ್ಳಗಿತ್ತು, ಅದೂ ಅದನ್ನೇ ಹೇಳ್ತಿತ್ತು. ಇಂಥ ಟೂ ಸ್ಟ್ರೋಕ್ ಇಂಜಿನ್ನಲ್ಲಿ ಇದನ್ನ ಹಂಗೇ ಬಿಡ್ಬಾರ್ದು, ಹೀಟಾಗಿ ಪಿಸ್ಟನ್ ಸೀಜ್ ಆದ್ರೆ, ಅಂದ್ರೆ ಸಿಲಿಂಡರಲ್ಲಿ ಕಚ್ಕೊಂಡ್ರೆ, ಆಗ ನಿಜವಾಗ್ಲೂ ಬೋರ್ ಕೆಲ್ಸ ಬರುತ್ತೆ.

ಕಾರ್ಬೊರೇಟರ್ ಬಿಚ್ಚಿದೆ. ಕೆಳಗೆ ಪೆಟ್ರೋಲ್ ನಿಲ್ಲೋ ಬೌಲಲ್ಲಿ ಅದು ಒಣಗಿ ಜೋನಿಬೆಲ್ಲದ ಥರ ಅಂಟು ಹಿಡಿದಿತ್ತು. ಪೈಲಟ್ ಜೆಟ್ಟನ್ನ ಬೆಳಕಿಗೆ ಹಿಡಿದ್ರೆ ಕೂದಲಷ್ಟು ಸಣ್ಣ ತೂತು, ಅದ್ರಲ್ಲಿ ಬೆಳಕೇ ಕಾಣ್ತಿಲ್ಲ. ಸೂಜಿ ಪಿನ್ನು ಹಾಕ್ಬೇಡಿ ದಯವಿಟ್ಟು, ಹಿತ್ತಾಳೆ ಜೆಟ್ಟು, ತೂತು ದೊಡ್ಡದಾದ್ರೆ ಮುಗೀತು. ಕ್ಲೀನರ್ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಟ್ಟು, ಪಕ್ಕದ ಪಂಚರ್ ಅಂಗಡೀಲಿ ಗಾಳಿ ಹೊಡೆಸ್ದೆ, ದುಂಡಗೆ ಬೆಳಕು ಕಾಣಿಸ್ತು.

ಜರ್ಕ್ ಮುಕ್ಕಾಲುಪಾಲು ಸರಿ ಹೋಯ್ತು, ಪೂರ್ತಿ ಅಲ್ಲ. ಸಿಗ್ನಲಲ್ಲಿ ಆಕ್ಸಲೇಟರ್ ಬಿಟ್ರೂ ಇಂಜಿನ್ ರೇಸ್ ಇಳಿಯಕ್ಕೆ ಎರಡ್ಮೂರು ಸೆಕೆಂಡ್ ತಗೋತಿತ್ತು. ಅಪ್ಪ ಗೇಟ್ ಹತ್ರ ನಿಂತು ಕೇಳಿಸ್ಕೊಂಡು ‘ಎಲ್ಲೋ ಗಾಳಿ ಎಳೀತಿದೆ ಕಣೋ’ ಅಂದ್ರು. ಇಂಜಿನ್ ಇನ್ನೂ ಬಿಸಿ ಏರದೇ ಇದ್ದಾಗ, ಸೈಲೆನ್ಸರ್ ಮೇಲೆ ಬೀಳ್ದಂಗೆ, ಕಾರ್ಬೊರೇಟರ್ ಮತ್ತು ಇಂಜಿನ್ ಮಧ್ಯದ ರಬ್ಬರ್ ಮ್ಯಾನಿಫೋಲ್ಡ್ ಸುತ್ತ ಅದೇ ಸ್ಪ್ರೇ ಸ್ವಲ್ಪ ಹೊಡೆದೆ, ಕೆಳಗಡೆ ಬಂದಾಗ ಐಡ್ಲಿಂಗ್ (ಆಕ್ಸಲೇಟರ್ ಕೊಡದೆ ಇಂಜಿನ್ ಓಡೋವಾಗಿನ) ಸೌಂಡೇ ಬದಲಾಯ್ತು, ಅಂದ್ರೆ ಅಲ್ಲಿಂದ್ಲೇ ಒಳಗೆ ಎಳೀತಿದೆ. ಬಿಚ್ಚಿ ಬಗ್ಗಿಸಿ ನೋಡಿದ್ರೆ ಮೇಲಿಂದ ಕಾಣದ ಜಾಗದಲ್ಲಿ ಉಗುರುದ್ದ ಬಿರುಕು. ಜೆ.ಸಿ. ರೋಡಲ್ಲಿ ಹುಡುಕಿ ಹೊಸದು ತಂದು ಹಾಕ್ದೆ.

ಆಮೇಲೆ ಟ್ಯೂನಿಂಗ್. ನಿಧಾನಕ್ಕೆ ಓಡೋವಾಗ ಎಷ್ಟು ಗಾಳಿ ಬೆರೀಬೇಕು ಅಂತ ಹೊಂದಿಸೋ ಏರ್ ಸ್ಕ್ರೂ ಮೆತ್ತಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಬಿಟ್ಟು, ಇಂಜಿನ್ ಚೆನ್ನಾಗಿ ಬಿಸಿ ಆದ್ಮೇಲೆ ಐಡ್ಲಿಂಗ್ ಎಲ್ಲಿ ಜಾಸ್ತಿ ಏರುತ್ತೋ ಅಲ್ಲಿಗೆ ನಿಲ್ಲಿಸಿ, ಐಡ್ಲ್ ಸ್ಕ್ರೂನಲ್ಲಿ ಕೆಳಗಿಳಿಸ್ದೆ. ಇದ್ರಲ್ಲಿ ಸ್ಕ್ರೂ ಹೊರಗೆ ಬಿಟ್ರೆ ಗಾಳಿ ಜಾಸ್ತಿ. ಸ್ಕ್ರೂ ಇಂಜಿನ್ ಕಡೆ ಇರೋ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಸಾಮಾನ್ಯವಾಗಿ ಉಲ್ಟಾ, ಹೊರಗೆ ಬಿಟ್ರೆ ಪೆಟ್ರೋಲ್ ಜಾಸ್ತಿ, ತಿರುಗ್ಸೋಕ್ ಮುಂಚೆ ನೋಡ್ಕೊಳ್ಳಿ.

ಒಂದು ವಾರ ಓಡ್ಸಿ ಪ್ಲಗ್ ತೆಗೆದ್ರೆ ಕಾಫಿಪುಡಿ ಬಣ್ಣ, ಅಂದ್ರೆ ಪೆಟ್ರೋಲ್ ಗಾಳಿ ಲೆಕ್ಕ ಸರಿಯಾಗಿದೆ. ನಿನ್ನೆ ಸಂಜೆ ಅಪ್ಪ ತಾವೇ ಗಾಂಧಿ ಬಜಾರಿಗೆ ತಗೊಂಡು ಹೋಗಿ, ಹೂವಿನವರ ಮಧ್ಯೆ ಸೆಕೆಂಡ್ ಗೇರಲ್ಲೇ ನುಸುಳ್ಕೊಂಡು ಬಂದ್ರಂತೆ, ಬಂದವ್ರೇ ಕೀ ನನ್ನ ಕೈಗೆ ಕೊಡ್ದೆ ತಮ್ಮ ಜೇಬಿಗೆ ಹಾಕ್ಕೊಂಡ್ರು.