ನಾಲೆ ಲೆಕ್ಕದ ಲೈಬ್ರರಿ: ಡಾಕ್ಸ್ ರಿಪೇರಿ ಎಲ್ಲಿಗೆ ಬಂತು

ಕೊಪ್ಪಳದಲ್ಲಿ ಕಟ್ಟುತ್ತಿರುವ ಈ ಓಪನ್ ಸೋರ್ಸ್ ಪೈಥಾನ್ ಲೈಬ್ರರಿಗೆ ಗೊತ್ತಿರುವ ಮುಖ್ಯ ಕೆಲಸ ಮೂರು. ಜಲಾಶಯದ ಮಟ್ಟ ಕೊಟ್ಟರೆ ಸಂಗ್ರಹ ಹೇಳುತ್ತದೆ, ನಾಲೆಯ ಅಳತೆ ಕೊಟ್ಟರೆ ಹರಿವು ಹೇಳುತ್ತದೆ, ಗಂಟೆಗಂಟೆಯ ಹರಿವು ಕೊಟ್ಟರೆ ಒಟ್ಟು ಎಷ್ಟು ನೀರು ಹೋಯಿತೆಂದು ಕೂಡಿಸಿ ಕೊಡುತ್ತದೆ. ಒಳಗಿರುವುದು ನಂಪೈ ಮತ್ತು ಸೈಪೈ ಎಂಬ ಗಣಿತದ ಲೈಬ್ರರಿಗಳು. ಉದಾಹರಣೆಗಳು ತುಂಗಭದ್ರಾ ಜಲಾಶಯದವು, ಇಲ್ಲವೇ ಮುನಿರಾಬಾದ್ ಕಡೆಯಿಂದ ಹೊರಟು ರಾಯಚೂರು ಜಿಲ್ಲೆಯವರೆಗೆ 227 ಕಿ.ಮೀ. ಹೋಗುವ ಎಡದಂಡೆ ನಾಲೆಯವು. ಬಳಸುವವರಲ್ಲಿ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ. ಮಾನ್ವಿ, ಸಿರವಾರ ಕಡೆ ನಾಲೆಯ ಕೊನೆಭಾಗದ ರೈತರಿಗೆ ಗೇಜ್ ಲೆಕ್ಕ ಬಿಡಿಸಿ ಹೇಳುವವರೂ ಇದ್ದಾರೆ. ಬಂದ ಇಶ್ಯೂಗಳಲ್ಲಿ ಹೆಚ್ಚಿನವು "ಉತ್ತರ ತಪ್ಪು ಬರ್ತಿದೆ" ಎಂಬುವೇ. ಕೆದಕಿ ನೋಡಿದರೆ ಕೋಡ್ ಸರಿಯಿದೆ, ಡಾಕ್ಸ್ (ಬಳಕೆಯ ವಿವರಣೆ) ಪುಟ ಮಾತ್ರ ಅರ್ಧ ಮಾತು ಹೇಳಿ ಸುಮ್ಮನಾಗಿದೆ.

ಹಾಗಾಗಿ ಈ ಸುತ್ತಿನಲ್ಲಿ ಹೊಸ ಪುಟ ಬರೆಯುವುದನ್ನು ನಿಲ್ಲಿಸಿ, ಇದ್ದ ಒಂದೊಂದು ಫಂಕ್ಷನ್ ಪುಟಕ್ಕೂ ಮೂರು ಪ್ರಶ್ನೆ ಹಾಕುತ್ತ ಬಂದೆವು: ಯೂನಿಟ್ ಏನು, ಎಲ್ಲಿಂದ ಎಲ್ಲಿಯವರೆಗಿನ ಬೆಲೆಗೆ ಇದು ನಡೆಯುತ್ತದೆ, ಕೈಕೊಟ್ಟರೆ ಅದರ ಅರ್ಥವೇನು.

ಮ್ಯಾನಿಂಗ್ ಪುಟ

ಅತಿ ಹೆಚ್ಚು ಜಗಳ ಇದ್ದದ್ದು ಇಲ್ಲಿ. ಫಂಕ್ಷನ್ ಜೊತೆಗೇ ಬರೆಯುವ ವಿವರಣೆಯಾದ ಹಳೆಯ ಡಾಕ್‌ಸ್ಟ್ರಿಂಗ್‌ನಲ್ಲಿ "ಆಳ: ಫ್ಲೋಟ್, ನೀರಿನ ಆಳ" ಎಂದಷ್ಟೇ ಇತ್ತು (ಫ್ಲೋಟ್ ಎಂದರೆ ದಶಮಾಂಶ ಸಂಖ್ಯೆ). ಮೀಟರೋ ಅಡಿಯೋ, ದೇವರೇ ಬಲ್ಲ. ನಾಲೆಯ ಅಳತೆಯಿಂದ ಹರಿವು ಹೇಳುವ ಮ್ಯಾನಿಂಗ್ ಸೂತ್ರ ಮೀಟರ್‌ನಲ್ಲಿ ಹಾಗೇ ನಡೆಯುತ್ತದೆ. ಅಡಿಯಲ್ಲಿ ಬಳಸಬೇಕಾದರೆ 1.486ರಿಂದ ಗುಣಿಸಬೇಕು. ಒಂದು ಮೀಟರ್‌ಗೆ 3.2808 ಅಡಿ, ಅದರ ಘನಮೂಲವೇ ಈ 1.486. ಲೈಬ್ರರಿ ಒಳಗೆ ಎಲ್ಲವೂ ಮೀಟರ್. ಆದರೆ ನಾಲೆಯ ಗೇಜ್ ಅಡಿಯಲ್ಲಿರುತ್ತದೆ, ಪತ್ರಿಕೆಯ ಲೆಕ್ಕ ಕ್ಯುಸೆಕ್‌ನಲ್ಲಿರುತ್ತದೆ, ಓದುವವರು ಅಡಿಯನ್ನೇ ತುಂಬಿ ಬಂದ ಉತ್ತರವನ್ನು ಕ್ಯುಸೆಕ್ ಎಂದು ಓದಿಕೊಳ್ಳುತ್ತಾರೆ.

ಪುಟದ ಹೊಸ ಉದಾಹರಣೆ ಹೀಗಿದೆ. ಮಣ್ಣಿನ ವಿತರಣಾ ಕಾಲುವೆ, ತಳದ ಅಗಲ 3 ಮೀ., ನೀರಿನ ಆಳ 1.2 ಮೀ., ಪಕ್ಕದ ಇಳಿಜಾರು 1.5ಕ್ಕೆ 1, ತಳದ ಇಳಿಜಾರು 5000ಕ್ಕೆ 1, ಒರಟುತನದ ಗುಣಾಂಕ 0.025. ಅಡ್ಡಕೊಯ್ತ 5.76 ಚದರ ಮೀ., ನೀರು ತಾಗುವ ಸುತ್ತಳತೆ 7.33 ಮೀ., ಹರಿವು ಸೆಕೆಂಡಿಗೆ 2.776 ಘನ ಮೀ. ಅಂದರೆ 98 ಕ್ಯುಸೆಕ್. ಇದೇ ಕಾಲುವೆಯನ್ನು ಅಡಿಯಲ್ಲಿ ತುಂಬಿ 1.486 ಮರೆತರೆ 66 ಬರುತ್ತದೆ.

66 ಎಂಬ ಸಂಖ್ಯೆ ಯಾರಿಗೂ ತಪ್ಪು ಎನಿಸುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಕಾಲುವೆಯಲ್ಲಿ ಜೊಂಡು ಬೆಳೆದು ಗುಣಾಂಕ 0.035ಕ್ಕೆ ಏರಿದರೆ ಸರಿಯಾದ ಲೆಕ್ಕವೇ 70 ಕ್ಯುಸೆಕ್ ಕೊಡುತ್ತದೆ. ಯೂನಿಟ್ ತಪ್ಪು ಹೂಳು, ಜೊಂಡಿನ ವೇಷ ಹಾಕಿಕೊಂಡು ಕೂತಿರುತ್ತದೆ. ಉತ್ತರ ಹತ್ತು ಪಟ್ಟು ತಪ್ಪಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಮೂರನೇ ಒಂದು ಪಾಲು ಕಡಿಮೆ ಬಂದರೆ "ಕೊನೆಭಾಗಕ್ಕೆ ನೀರು ಬರಲ್ಲ ಅಂತ ಗೊತ್ತೇ ಇದೆಯಲ್ಲ" ಎಂದು ಮುಂದೆ ಹೋಗುತ್ತಾರೆ. ಈಗ 98, 70, 66 ಮೂರನ್ನೂ ಪುಟದಲ್ಲಿ ಒಂದರ ಕೆಳಗೊಂದು ಇಟ್ಟಿದ್ದೇವೆ, ಮೂರನೆಯದಕ್ಕೆ ತಪ್ಪೆಂಬ ಗುರುತು ಹಾಕಿ. ಪ್ಯಾರಾಮೀಟರ್ ಹೆಸರಿನ ಬಾಲಕ್ಕೇ ಯೂನಿಟ್ ಸೇರಿಸಿ, ಹೆಸರು ಬರೆಯದೆ ಬರೀ ಸಂಖ್ಯೆ ಕೊಟ್ಟರೆ ಫಂಕ್ಷನ್ ಒಪ್ಪದಂತೆ ಮಾಡಿದ್ದೂ ಆಯಿತು. ಇದು ಡಾಕ್ಸ್ ಕೆಲಸವಲ್ಲ, ಕೋಡ್ ಕೆಲಸ. ಆದರೆ ಒಂದು ಎಚ್ಚರಿಕೆಯನ್ನು ನಾಲ್ಕು ಕಡೆ ಬರೆಯಬೇಕಾದಾಗ ಎಡವಟ್ಟು ಫಂಕ್ಷನ್‌ನಲ್ಲೇ ಇದೆ ಎಂದುಕೊಳ್ಳುವುದು ವಾಸಿ.

ನಂಪೈಡಾಕ್‌ನ ವ್ಯಾಲಿಡೇಟರ್ (ಡಾಕ್ಸ್ ಪುಟದ ಬರವಣಿಗೆ ತಪಾಸಿಸುವ ಸಾಧನ) ಹಳೆಯ ಪುಟವನ್ನು ಪಾಸ್ ಮಾಡಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಪ್ಯಾರಾಮೀಟರ್ ದಾಖಲಾಗದಿದ್ದರೆ ಪಿಆರ್01, ಉದಾಹರಣೆ ಇಲ್ಲದಿದ್ದರೆ ಇಎಕ್ಸ್01 ಎಂದು ಅದು ಹಿಡಿದುಕೊಡುತ್ತದೆ. ಯೂನಿಟ್ ಇದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಅದಕ್ಕೆಂದೇ ಪುಟ್ಟ ಸ್ಕ್ರಿಪ್ಟ್ ಒಂದು ಸೇರಿತು: ಫ್ಲೋಟ್ ಎಂದಿರುವ ಪ್ರತಿ ಸಾಲಿನ ವಿವರಣೆಯಲ್ಲಿ ಚೌಕ ಆವರಣದೊಳಗೆ ಯೂನಿಟ್ ಇಲ್ಲದಿದ್ದರೆ ಬಿಲ್ಡ್ (ಪುಟ ಕಟ್ಟುವ ಕೆಲಸ) ನಿಲ್ಲುತ್ತದೆ. ಯೂನಿಟ್ಟೇ ಇಲ್ಲದ ಇಳಿಜಾರಿನಂಥವಕ್ಕೆ ಅಡ್ಡಗೆರೆ. "ಇದನ್ನೂ ನೋಡಿ" ವಿಭಾಗ ಇಲ್ಲವೆಂದು ಗೊಣಗುವ ಎಸ್‌ಎ01 ಅನ್ನು ಆಫ್ ಮಾಡಿದ್ದೇವೆ. ಹದಿನಾಲ್ಕು ಫಂಕ್ಷನ್ ಇರುವ ಲೈಬ್ರರಿಯಲ್ಲಿ ಒಂದಕ್ಕೊಂದು ಬೆರಳು ತೋರಿಸುವುದರಿಂದ ಲಾಭವಿಲ್ಲ.

ಎರರ್‌ಗೆ ಅರ್ಥ ಬರೆದದ್ದು

ಹರಿವು ಕೊಟ್ಟು ಆಳ ಕಂಡುಹಿಡಿಯುವ ಫಂಕ್ಷನ್ ಒಳಗೆ, ಸಮೀಕರಣದ ಉತ್ತರ ಹುಡುಕುವ ಸೈಪೈನ ಬ್ರೆಂಟ್‌ಕ್ಯು ಇದೆ. ಅದಕ್ಕೆ ಎರಡು ತುದಿ ಕೊಡಬೇಕು, ಎರಡು ತುದಿಯಲ್ಲೂ ಫಂಕ್ಷನ್‌ನ ಚಿಹ್ನೆ (ಪ್ಲಸ್ ಅಥವಾ ಮೈನಸ್) ಬೇರೆಬೇರೆ ಇರಬೇಕು. ಇಲ್ಲದಿದ್ದರೆ ವ್ಯಾಲ್ಯೂ ಎರರ್. ನಾವು ಕೊಡುವ ಕೆಳತುದಿ 0.001 ಮೀ., ಮೇಲ್ತುದಿ ಕಾಲುವೆಯ ಏರಿಯ ಎತ್ತರ. ಕೆಳಗೆ ಸೊನ್ನೆಯನ್ನೇ ಕೊಟ್ಟರೆ ತಳದ ಅಗಲವಿಲ್ಲದ ವಿ ಆಕಾರದ ಹೊಲಗಾಲುವೆಯಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗುತ್ತದೆ.

ಮೇಲಿನ ಕಾಲುವೆಗೆ ಏರಿ 1.5 ಮೀ. ಇದ್ದರೆ ತುಂಬಿ ಹರಿದಾಗ ಸಾಗುವುದು ಸುಮಾರು 150 ಕ್ಯುಸೆಕ್. 160 ಕೇಳಿದರೆ ಎರಡೂ ತುದಿಯಲ್ಲಿ ಚಿಹ್ನೆ ಒಂದೇ, ಎರರ್ ಬಂತು. ಜನ ಅದನ್ನು ಸೈಪೈ ಇನ್‌ಸ್ಟಾಲ್ ಕೆಟ್ಟಿದೆ ಎಂದು ಓದುತ್ತಿದ್ದರು. ನಿಜವಾದ ಅರ್ಥ: ಈ ಕಾಲುವೆ ಅಷ್ಟು ನೀರು ಹಿಡಿಯುವುದಿಲ್ಲ, ಏರಿ ದಾಟುತ್ತದೆ. ಜೊಂಡಿದ್ದರೆ ಮಿತಿ 107ರ ಹತ್ತಿರಕ್ಕೇ ಇಳಿಯುತ್ತದೆ, ಆಗ 120 ಕೇಳಿದರೂ ಇದೇ ಎರರ್. ಯಾವಾಗ ಎರರ್ ಬರುತ್ತದೆಂದು ಹೇಳುವ "ರೇಸಸ್" ವಿಭಾಗದಲ್ಲಿ ಈಗ ಮೊದಲ ವಾಕ್ಯವೇ "ನೀರು ಏರಿ ದಾಟುತ್ತದೆ" ಎಂದು ಶುರುವಾಗುತ್ತದೆ, ಚಿಹ್ನೆಯ ಮಾತು ಎರಡನೆಯದು.

ಜಲಾಶಯದ ಪಟ್ಟಿ

ಮಟ್ಟದಿಂದ ಸಂಗ್ರಹಕ್ಕೆ ಹೋಗಲು, ಪಟ್ಟಿಯ ಎರಡು ಅಂಕಿಗಳ ನಡುವಿನ ಬೆಲೆ ಕಂಡುಹಿಡಿಯುವ ನಂಪೈನ ಇಂಟರ್ಪ್ ಫಂಕ್ಷನ್ ಬಳಸುತ್ತಿದ್ದೆವು. ಅದರ ಎರಡು ಗುಣ ಪುಟದಲ್ಲಿ ಇರಲೇ ಇಲ್ಲ. ಒಂದು, ಮಟ್ಟದ ಪಟ್ಟಿ ಏರಿಕೆ ಕ್ರಮದಲ್ಲಿದೆಯೇ ಎಂದು ಅದು ನೋಡುವುದಿಲ್ಲ. ಇಲ್ಲದಿದ್ದರೆ ಏನೋ ಒಂದು ಸಂಖ್ಯೆ ಕೊಟ್ಟುಬಿಡುತ್ತದೆ. ಇನ್ನೊಂದು, ಪಟ್ಟಿಯ ಆಚೆಗಿನ ಮಟ್ಟ ಕೊಟ್ಟರೆ ತುದಿಯ ಬೆಲೆಯನ್ನೇ ಸದ್ದಿಲ್ಲದೆ ಹಿಂತಿರುಗಿಸುತ್ತದೆ. ತುಂಗಭದ್ರೆಯ ಪೂರ್ಣಮಟ್ಟ 1633 ಅಡಿ, ಮೀಟರ್‌ನಲ್ಲಿ 497.74. ಪಟ್ಟಿ ಅಡಿಯಲ್ಲಿದ್ದು ಯಾರಾದರೂ 497.74 ಎಂದು ತುಂಬಿದರೆ ತುಂಬಿ ತುಳುಕುವ ಡ್ಯಾಮ್ ಖಾಲಿ ಎಂದು ಉತ್ತರ ಬರುತ್ತದೆ, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಎಡ, ಬಲ ಎರಡೂ ಆರ್ಗ್ಯುಮೆಂಟ್‌ಗೆ ನ್ಯಾನ್ (ಸಂಖ್ಯೆಯೇ ಅಲ್ಲ ಎಂಬ ಗುರುತು) ಕೊಟ್ಟು ಇದನ್ನು ಮುಚ್ಚಿದ್ದೇವೆ.

ಗೆರೆ ನುಣುಪಾಗಿರಲಿ ಎಂದು ಕ್ಯೂಬಿಕ್ ಸ್ಪ್ಲೈನ್ ಹಾಕಿ ನೋಡಿ ಎಂಬ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಪ್ರಸ್ತಾವ) ಒಂದು ಬಂದಿತ್ತು. ತಳದ ಕಡೆ ಬಹುತೇಕ ಸಪಾಟಾಗಿದ್ದು ಮೇಲೆ ಸರ್ರನೆ ಏರುವ ಪಟ್ಟಿಗೆ ಅದು ಆಗಿಬರುವುದಿಲ್ಲ. ಏರುವ ಜಾಗಕ್ಕೆ ಮುಂಚೆ ಗೆರೆ ಸೊನ್ನೆಗಿಂತ ಕೆಳಗೆ ಬಾಗುತ್ತದೆ, ಸಂಗ್ರಹ ಮೈನಸ್ ಆಗುತ್ತದೆ. ಸೈಪೈನ ಪಿಚಿಪ್ ಎಂಬ ಇನ್ನೊಂದು ವಿಧಾನ ಪಟ್ಟಿಯ ಏರಿಕೆಯನ್ನು ಕಾಪಾಡುತ್ತದೆ. ಮಟ್ಟ ಏರಿದರೆ ಸಂಗ್ರಹ ಇಳಿಯುವ ಪವಾಡ ಅದರಲ್ಲಿ ನಡೆಯುವುದಿಲ್ಲ. ಪುಟದಲ್ಲಿ ಎರಡೂ ಗೆರೆಗಳನ್ನು ಒಂದೇ ಚಿತ್ರದಲ್ಲಿ ಹಾಕಿದ್ದೇವೆ.

ಪಟ್ಟಿ ಯಾವ ಸಮೀಕ್ಷೆಯದು ಎಂಬುದೂ ಈಗ ಕಡ್ಡಾಯ ಆರ್ಗ್ಯುಮೆಂಟ್. ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ ಹೂಳಿನಿಂದ ಕುಗ್ಗಿದೆ. ಹಳೆಯ ವರದಿಗಳಲ್ಲಿ 100.855, ಈಚಿನವುಗಳಲ್ಲಿ 105.788. ಕೋಡ್ ಒಳಗೆ ಹುದುಗಿದ್ದ ಡೀಫಾಲ್ಟ್ ಹಳೆಯದಾಗಿತ್ತು. ವ್ಯತ್ಯಾಸ 4.933 ಟಿಎಂಸಿ, ಒಂದು ಟಿಎಂಸಿ ಎಂದರೆ ದಿನವಿಡೀ 11,574 ಕ್ಯುಸೆಕ್, ಹಾಗೆ ನೋಡಿದರೆ 10,000 ಕ್ಯುಸೆಕ್‌ನಂತೆ ಸುಮಾರು ಐದೂಮುಕ್ಕಾಲು ದಿನದ ನೀರು.

ಡಾಕ್‌ಟೆಸ್ಟ್ ಕೆಂಪಾದದ್ದು

ಪುಟದ ಉದಾಹರಣೆಗಳನ್ನೆಲ್ಲ ಡಾಕ್‌ಟೆಸ್ಟ್ ಮೂಲಕ ಓಡಿಸಿ, ಬಂದ ಉತ್ತರ ಪುಟದಲ್ಲಿ ಬರೆದದ್ದಕ್ಕೆ ಅಕ್ಷರಶಃ ಹೊಂದುತ್ತದೆಯೇ ಎಂದು ನೋಡುತ್ತೇವೆ. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಒಂಟಿ ಸಂಖ್ಯೆಯನ್ನು ಮುದ್ರಿಸುವ ರೀತಿ ಬದಲಿಸಿತು. ಮೊದಲು 2.776 ಎಂದಷ್ಟೇ ಬರುತ್ತಿದ್ದದ್ದು ಈಗ ಎನ್‌ಪಿ ಫ್ಲೋಟ್64 ಎಂಬ ಅಂಗಿ ತೊಟ್ಟು ಬರುತ್ತದೆ. ಲೆಕ್ಕ ಸರಿ, ಪಠ್ಯ ಬೇರೆ, ಟೆಸ್ಟ್ ಫೇಲ್. ಪ್ರಿಂಟ್ ಆಪ್ಷನ್‌ನಲ್ಲಿ ಲೆಗಸಿಗೆ 1.25 ಎಂದು ಕೊಟ್ಟರೆ ಹಳೆಯ ರೂಪ ಮರಳುತ್ತದೆ, ಆದರೆ ಓದುಗರ ಸ್ಕ್ರೀನ್‌ನಲ್ಲಿ ಹೊಸ ರೂಪವೇ ಇರುತ್ತದಲ್ಲ. ಆದ್ದರಿಂದ ಉದಾಹರಣೆಯಲ್ಲೇ ದಶಮಾಂಶ ನಿಗದಿಮಾಡಿ ಪ್ರಿಂಟ್ ಮಾಡುವುದೆಂದು ತೀರ್ಮಾನವಾಯಿತು. ಜೊತೆಗೆ ಕೂಡಿಸುವ ಫಂಕ್ಷನ್ ಹೆಸರುಗಳೂ ಬದಲಾದವು: ಟ್ರಾಪ್ಜ್ ಹೋಗಿ ಟ್ರಪಿಜಾಯ್ಡ್, ಸಿಂಪ್ಸ್ ಹೋಗಿ ಸಿಂಪ್ಸನ್. ಕೂಡಿಸುವ ಪುಟದಲ್ಲಿ ಇನ್ನೊಂದು ಸಾಲು: ಗಂಟೆಗೊಂದು ಅಂಕಿ ಇದ್ದರೆ ಅಂತರ 3600 ಸೆಕೆಂಡ್. ಬಿಟ್ಟರೆ ಅಂತರ 1 ಎಂದೇ ತೆಗೆದುಕೊಳ್ಳುತ್ತದೆ.

ಕನ್ನಡ ಪುಟಗಳು

ಅನುವಾದ, ಡಾಕ್ಸ್ ಪುಟ ಕಟ್ಟುವ ಸ್ಫಿಂಕ್ಸ್‌ನ ಗೆಟ್‌ಟೆಕ್ಸ್ಟ್ ದಾರಿಯಲ್ಲಿ ನಡೆಯುತ್ತಿದೆ, ಮೂಲ ವಾಕ್ಯ ಮತ್ತು ಅನುವಾದ ಜೋಡಿಯಾಗಿರುವ ಪಿಒ ಫೈಲ್‌ಗಳಲ್ಲಿ. ಇಂಗ್ಲಿಷ್ ಮೂಲದ ವಾಕ್ಯ ಸ್ವಲ್ಪ ಬದಲಾದರೂ ಅದರ ಅನುವಾದಕ್ಕೆ ಫಜ್ಜಿ (ಮತ್ತೆ ನೋಡಬೇಕು) ಎಂಬ ಗುರುತು ಬೀಳುತ್ತದೆ. ಫಜ್ಜಿಯನ್ನು ಸ್ಫಿಂಕ್ಸ್ ಬಳಸುವುದಿಲ್ಲ, ಪುಟದ ನಡುವೆ ದಿಢೀರನೆ ಇಂಗ್ಲಿಷ್ ಪ್ಯಾರಾ ಎದ್ದು ಕಾಣುತ್ತದೆ. ಯೂನಿಟ್ ಸೇರಿಸಿದ ಮರುದಿನವೇ ಅರ್ಧ ಪುಟಗಳು ಹೀಗಾದವು. ಇಂಗ್ಲಿಷ್ ಸಾಲು ಗಟ್ಟಿಯಾಗುವವರೆಗೆ ಅನುವಾದಕ್ಕೆ ಕೈ ಹಾಕಬಾರದಿತ್ತು.

ಕನ್ನಡಕ್ಕೇ ಅಂಟಿದ ತೊಡಕು ವಿಭಕ್ತಿಯದು. ಫಂಕ್ಷನ್ ಹೆಸರನ್ನು ಜೋಡಿ ಬ್ಯಾಕ್‌ಟಿಕ್‌ನಲ್ಲಿಟ್ಟು ಅದಕ್ಕೆ ತಾಗಿಸಿ "ನಲ್ಲಿ", "ಗೆ" ಎಂದು ಬರೆದರೆ ಪುಟಗಳನ್ನು ಬರೆಯುವ ಗುರುತುಭಾಷೆಯಾದ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಒಪ್ಪುವುದಿಲ್ಲ. ಮುಚ್ಚುವ ಬ್ಯಾಕ್‌ಟಿಕ್ ಆದ ಮೇಲೆ ಖಾಲಿ ಜಾಗ ಅಥವಾ ವಿರಾಮಚಿಹ್ನೆ ಬೇಕು ಎನ್ನುತ್ತದೆ, ವಾಕ್ಯವೇ ಹರಿದುಹೋಗುತ್ತದೆ. ಪ್ರತ್ಯಯಕ್ಕೆ ಮುಂಚೆ ಬ್ಯಾಕ್‌ಸ್ಲ್ಯಾಶ್ ಹಾಗೂ ಒಂದು ಸ್ಪೇಸ್ ಹಾಕಿದರೆ ಸರಿಹೋಗುತ್ತದೆ, ಆ ಸ್ಪೇಸ್ ಪುಟದಲ್ಲಿ ಕಾಣುವುದೂ ಇಲ್ಲ. ಪಿಒ ಫೈಲ್ ಒಳಗಾದರೆ ಬ್ಯಾಕ್‌ಸ್ಲ್ಯಾಶ್ ಎರಡು ಬೇಕು. ಇದನ್ನು ಮರೆತ ಸಾಲುಗಳೇ ಸದ್ಯಕ್ಕೆ ಬಿಲ್ಡ್ ವಾರ್ನಿಂಗ್‌ಗಳ ಬಹುಪಾಲು.

ಹುಡುಕಾಟದ ಕಥೆ ಇನ್ನೂ ವಿಚಿತ್ರ. "ನಾಲೆ" ಎಂದು ಹುಡುಕಿದರೆ ಎಲ್ಲ ಪುಟಗಳೂ ಬರುತ್ತಿದ್ದವು. ಸ್ಫಿಂಕ್ಸ್ ಪದಗಳನ್ನು ಬಿಡಿಸುವುದು ಪಠ್ಯದ ಮಾದರಿ ಹುಡುಕುವ ಪೈಥಾನ್ ರೆಗೆಕ್ಸ್‌ನ ಪದಾಕ್ಷರ ಗುಂಪಿನಿಂದ, ಆ ಗುಂಪಿಗೆ ಕನ್ನಡದ ಸ್ವರಚಿಹ್ನೆ, ಹಲಂತ ಯಾವುದೂ ಸೇರುವುದಿಲ್ಲ. ದೀರ್ಘ, ಎತ್ವ ಎರಡೂ ಉದುರಿ "ನಾಲೆ" ಎಂಬುದು "ನ" ಮತ್ತು "ಲ" ಎಂಬ ಎರಡು ಪದವಾಗುತ್ತದೆ. "ಕಾಲುವೆ" ಎಂದರೆ "ಕ", "ಲ", "ವ". ಇವಿಲ್ಲದ ಕನ್ನಡ ಪುಟ ಎಲ್ಲಿದೆ? ಪರಿಹಾರಕ್ಕೆ ಸ್ಫಿಂಕ್ಸ್‌ನ ಸರ್ಚ್‌ಲ್ಯಾಂಗ್ವೇಜ್ ಕ್ಲಾಸ್‌ನಿಂದ ನಮ್ಮದೊಂದು ಉಪಕ್ಲಾಸ್ ಮಾಡಿ, ಯೂನಿಕೋಡ್‌ನ 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಇಡೀ ಕನ್ನಡ ಪಟ್ಟಿಯನ್ನು ಪದದೊಳಗೆ ಸೇರಿಸಿದೆವು. ಬ್ರೌಸರ್ ಕಡೆಯ ಜಾವಾಸ್ಕ್ರಿಪ್ಟ್ ಸ್ಪ್ಲಿಟರ್‌ಗೂ ಅದೇ ನಿಯಮ ಕೊಡಬೇಕು. ಒಂದು ಕಡೆ ಮಾತ್ರ ಬದಲಿಸಿದರೆ ಏನೂ ಸಿಗುವುದಿಲ್ಲ. "ಇನ್‌ಪುಟ್" ಥರದ ಪದಗಳ ನಡುವೆ ಅಡಗಿರುವ ಜೋಡಿಸದ ಚಿಹ್ನೆಯನ್ನು ಫೋನ್‌ನಲ್ಲಿ ಟೈಪ್ ಮಾಡುವವರಲ್ಲಿ ಅನೇಕರು ಹಾಕುವುದಿಲ್ಲ. ಅದನ್ನು ಎರಡೂ ಕಡೆ ಕಿತ್ತುಹಾಕಿಯೇ ಹೋಲಿಸುತ್ತೇವೆ. ಈಗ "ನಾಲೆ" ಹುಡುಕಿದರೆ "ನಾಲೆಯಲ್ಲಿ" ಕೂಡ ಸಿಗುತ್ತದೆ. "ನಾಲೆಗೆ" ಎಂದು ಹುಡುಕಿದರೆ "ನಾಲೆಯಲ್ಲಿ" ಸಿಗುವುದಿಲ್ಲ, ಪ್ರತ್ಯಯ ಕತ್ತರಿಸುವ ಸ್ಟೆಮ್ಮರ್ ಸ್ಫಿಂಕ್ಸ್‌ನಲ್ಲಿ ಕನ್ನಡಕ್ಕಿಲ್ಲ.

ಚಿತ್ರಗಳಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಒತ್ತಕ್ಷರಗಳನ್ನು ಬಿಡಿಸಿ ಪಕ್ಕಪಕ್ಕ ಬರೆಯುತ್ತಿತ್ತು, "ಮಟ್ಟ" ಎಂಬುದು ನಡುವೆ ಹಲಂತ ಹೊತ್ತು ನಿಲ್ಲುತ್ತಿತ್ತು. ನಾವು ಬಳಸುವ ಆವೃತ್ತಿಯಲ್ಲಿ ಕೆಲಸ ಮಾಡಿದ ಉಪಾಯ: ಎಸ್‌ವಿಜಿಯಲ್ಲಿ ಉಳಿಸಿ, ಎಸ್‌ವಿಜಿ ಫಾಂಟ್‌ಟೈಪ್ ಎಂಬ ಸೆಟ್ಟಿಂಗ್‌ಗೆ ನನ್ ಕೊಡುವುದು. ಆಗ ಅಕ್ಷರ ಗೆರೆಯಾಗದೆ ಅಕ್ಷರವಾಗಿಯೇ ಉಳಿಯುತ್ತದೆ, ಜೋಡಿಸುವ ಕೆಲಸ ಬ್ರೌಸರ್‌ನದು. ಲೆಜೆಂಡ್ ಡಬ್ಬಿಯ ಅಗಲ ಮಾತ್ರ ಹಳೆಯ ಅಳತೆಯಲ್ಲೇ ಇರುತ್ತದೆ, ಕೈಯಿಂದ ಸರಿಮಾಡಬೇಕು. ಪಿಡಿಎಫ್‌ಗೆ ಪಿಡಿಎಫ್‌ಲೇಟೆಕ್ ಬಿಟ್ಟು ಝೀಲೇಟೆಕ್, ನೋಟೋ ಸ್ಯಾನ್ಸ್ ಕನ್ನಡ. ಕೋಡ್ ಬ್ಲಾಕ್‌ನ ಮೋನೋ ಫಾಂಟ್‌ನಲ್ಲಿ ಕನ್ನಡ ಇಲ್ಲವಾದ್ದರಿಂದ ಕನ್ನಡ ಕಾಮೆಂಟ್‌ಗಳು ಖಾಲಿ ಚೌಕಗಳಾಗಿ ಬರುತ್ತಿವೆ. ಇದು ಬಾಕಿ.

ಇನ್ನೂ ಉಳಿದದ್ದು: ಆವಿಯಾಗುವ ನೀರಿನ ಪುಟಕ್ಕೆ ಮೂರು ಪ್ರಶ್ನೆ ಹಾಕಿಲ್ಲ, ಒರಟುತನದ ಗುಣಾಂಕದ ಕೋಷ್ಟಕಕ್ಕೆ ಜೊಂಡು ಬೆಳೆದ ಹಾಗೂ ಕಾಂಕ್ರೀಟ್ ಹಾಕಿದ ಕಾಲುವೆಗಳ ಫೋಟೊ ಬೇಕು. ಫೋಟೊ ಕಳಿಸುವವರು ಆಳ ಅಳೆಯುವ ಕೋಲು ಕಾಣುವಂತೆ ತೆಗೆಯಿರಿ, ಅದು ಅಡಿಯದೋ ಮೀಟರಿನದೋ ಬರೆದು ಕಳಿಸಿ.